ಮೋಟರ್ ಯಾಕ ಸುಡತೈತ್ರೀ ಸರ?



ಇವತ್ತಿನ ಮಾತಿಗೆ ಒಂದು ಪೆನ್ಸಿಲ್ಲು, ಒಂದು ಹಾಳೆ ಹತ್ತಿರ ಇಟ್ಟುಕೊಂಡರೆ ಒಳ್ಳೆಯದು. ಇಲ್ಲದಿದ್ದರೂ ಅಡ್ಡಿಯಿಲ್ಲ. ಇದರಲ್ಲಿ ಇರುವುದು ಒಂದು ಗುಣಾಕಾರ, ಒಂದು ಭಾಗಾಕಾರ. ಬ್ಯಾಡಗಿ ಪೇಟೆಯ ದಲಾಲರು ಇದಕ್ಕಿಂತ ದೊಡ್ಡ ಲೆಕ್ಕವನ್ನು ಗಾಡಿಯಿಂದ ಚೀಲ ಇಳಿಯುವಷ್ಟರಲ್ಲಿ ಬಾಯಲ್ಲೇ ಮುಗಿಸುತ್ತಾರೆ. ಬಾನುಲಿಯಲ್ಲಿ ನನಗೆ ಕಪ್ಪುಹಲಗೆ ಇಲ್ಲ, ಸೀಮೆಸುಣ್ಣವೂ ಇಲ್ಲ. ಹಾಗಾಗಿ ಲೆಕ್ಕವನ್ನು ನಿಮ್ಮ ಕಿವಿಗೇ ಬರೆಯಬೇಕು.

ರಾಣೆಬೆನ್ನೂರಿನಲ್ಲಿ ನನ್ನ ಹಳೆಯ ಶಿಷ್ಯನೊಬ್ಬನ ಮೋಟರ್ ರಿವೈಂಡಿಂಗ್ ಅಂಗಡಿ ಇದೆ. ಐಟಿಐ ಮಕ್ಕಳಿಗೆ ವೈರಿಂಗ್ ಕಲಿಸಿ ನಿವೃತ್ತನಾದ ಮೇಲೆ ಸಂಜೆ ಹೊತ್ತು ನಾನು ಅಲ್ಲಿ ಹೋಗಿ ಕೂರುತ್ತೇನೆ. ಮಾರ್ಚ್ ಬಂತೆಂದರೆ ಆ ಅಂಗಡಿಗೆ ಸುಗ್ಗಿ. ವಾರ್ನಿಶ್ ವಾಸನೆ, ಸುಟ್ಟ ತಾಮ್ರದ ತಂತಿಯ ಗುಡ್ಡೆ, ಹೊರಗೆ ಸಾಲಾಗಿ ಮಲಗಿಸಿದ ಸಬ್‌ಮರ್ಸಿಬಲ್ ಮೋಟರುಗಳು. ಆಸ್ಪತ್ರೆಯ ವರಾಂಡ ನೋಡಿದ ಹಾಗೇ ಇರುತ್ತದೆ. ಹೋದ ಬೇಸಿಗೆಯಲ್ಲಿ ಬ್ಯಾಡಗಿ ತಾಲೂಕಿನ ಒಬ್ಬ ರೈತರು ಟಂಟಂ ಗಾಡಿಯಲ್ಲಿ 5 ಎಚ್‌ಪಿ ಮೋಟರ್ ಹೇರಿಕೊಂಡು ಬಂದರು. ಅದೇ ಮೋಟರು, ಅದೇ ಬೇಸಿಗೆ, ಎರಡನೆಯ ಸಲ.

"ಮತ್ತ ಸುಟ್ಟೈತ್ರಿ" ಎಂದರು.

ಶಿಷ್ಯ ತಲೆ ಎತ್ತದೆ ಹೇಳಿದ: "ವೋಲ್ಟೇಜ್ ಇಲ್ಲ ಯಜಮಾನ್ರ. ಸುಡದ ಏನ್ ಮಾಡತೈತಿ?"

ಅವರು ನನ್ನ ಕಡೆ ತಿರುಗಿದರು. "ಸರ, ನೀವು ಕಲಿಸಿದವ್ರು, ನೀವರ ಹೇಳ್ರಿ. ವೋಲ್ಟೇಜ್ ಕಡಿಮಿ ಆದ್ರ ಕೊಟ್ಟಿಗ್ಯಾಗಿನ ಬಲ್ಬ್ ಸಣ್ಣಗ ಉರಿತೈತಿ, ಸುಡೂದಿಲ್ಲ. ಒಲಿಗೆ ಕಟಗಿ ಕಡಿಮಿ ಹಾಕಿದ್ರ ಅನ್ನ ಸೀಯೂದಿಲ್ಲ. ಅಂಥಾದ್ರಾಗ ಮೋಟರ್ ಯಾಕ ಸುಡತೈತ್ರೀ ಸರ?"

ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದೇನೆ. ಹೀಗೆ ಸರಿಯಾಗಿ ಪ್ರಶ್ನೆ ಕೇಳಿದ ಹುಡುಗರು ಕಡಿಮೆ. ಆ ಹೊತ್ತು ಚಹಾ ಮುಗಿಯುವಷ್ಟರಲ್ಲಿ ಅವರಿಗೆ ಅರ್ಧಂಬರ್ಧ ಉತ್ತರ ಹೇಳಿ ಕಳಿಸಿದೆ. ಇವತ್ತು ಪೂರ್ತಿ ಹೇಳಲು ನೋಡುತ್ತೇನೆ.

ಮೊದಲು ನಮ್ಮ ಮಾತಿನ ಒಂದು ಗೊಂದಲ. ನಾವು ಎಲ್ಲಕ್ಕೂ 'ಕರೆಂಟು' ಅಂತೇವೆ. ಕರೆಂಟ್ ಹೋಯಿತು, ಕರೆಂಟ್ ಹೊಡೆಯಿತು, ಕರೆಂಟ್ ಬಿಲ್ಲು, ಕರೆಂಟಿನ ಕಂಬ. ಶಾಲೆಯ ಪುಸ್ತಕದಲ್ಲಿ ವಿಭವಾಂತರ, ವಿದ್ಯುತ್ ಪ್ರವಾಹ, ರೋಧ, ಸಾಮರ್ಥ್ಯ ಎಂದು ನಾಲ್ಕು ಬೇರೆ ಬೇರೆ ಹೆಸರುಗಳಿವೆ. ಪರೀಕ್ಷೆ ಮುಗಿದ ಮರುದಿನ ನಾಲ್ಕೂ ಸೇರಿ ಮತ್ತೆ ಕರೆಂಟೇ ಆಗುತ್ತವೆ. ಲೈನ್‌ಮನ್ನರು ಮಾತ್ರ ವೋಲ್ಟೇಜು ಬೇರೆ, ಆಂಪಿಯರ್ ಬೇರೆ ಎಂದು ಸರಿಯಾಗಿ ಎರಡು ಮಾಡಿ ಹೇಳುತ್ತಾರೆ. ಜೀವದ ಮೇಲೆ ಆಡುವವರು ಅವರು, ಅದಕ್ಕೇ ಇರಬೇಕು.

ಈ ಎರಡನ್ನು ಬಿಡಿಸಿ ನೋಡುವುದಕ್ಕೆ ನಮ್ಮ ಮೆಣಸಿನಕಾಯಿಯೇ ಸಾಕು. ಹೊರಗಿನವರು ಬ್ಯಾಡಗಿ ಕಾಯಿಯ ಬಣ್ಣ ನೋಡಿ, ಇಷ್ಟು ಕೆಂಪಗಿದ್ದರೆ ಎಷ್ಟು ಖಾರವಿರಬೇಕು ಎಂದು ಹೆದರುತ್ತಾರೆ. ಬಣ್ಣ ಬೇರೆ, ಖಾರ ಬೇರೆ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ವ್ಯಾಪಾರಿಗಳು ಬಣ್ಣವನ್ನು ಆಸ್ಟಾ ಎಂಬ ಅಳತೆಯಲ್ಲಿ ಹೇಳುತ್ತಾರೆ, ಖಾರವನ್ನು ಸ್ಕೊವಿಲ್ ಎಂಬ ಅಳತೆಯಲ್ಲಿ. ಒಂದು ಹೆಚ್ಚಿದರೆ ಇನ್ನೊಂದೂ ಹೆಚ್ಚಬೇಕೆಂಬ ಕಾಯಿದೆ ಇಲ್ಲ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ನಮ್ಮ ಕಾಯಿಯ ಹೆಸರೇ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದರ ಮೇಲೆ ನಿಂತಿದೆ. ವೋಲ್ಟೂ ಆಂಪಿಯರೂ ಹಾಗೆಯೇ. ಚಳಿಗಾಲದಲ್ಲಿ ನೈಲಾನ್ ಅಂಗಿ ಕಳಚುವಾಗ ಚಟಪಟ ಕಿಡಿ ಹಾರುತ್ತದಲ್ಲ, ಅಲ್ಲಿ ಸಾವಿರಾರು ವೋಲ್ಟ್ ಇರುತ್ತದೆ. ಹರಿಯುವ ಆಂಪಿಯರ್ ಮಾತ್ರ ಲೆಕ್ಕಕ್ಕೆ ಸಿಗದಷ್ಟು ಸಣ್ಣದು. ಟ್ರ್ಯಾಕ್ಟರಿನ ಬ್ಯಾಟರಿಯಲ್ಲಿ ಬರೀ 12 ವೋಲ್ಟು. ಆದರೆ ಇಂಜಿನ್ ಎಬ್ಬಿಸುವ ಆ ಗಳಿಗೆಯಲ್ಲಿ ಅದರಿಂದ ಹರಿಯುವುದು ನೂರಾರು ಆಂಪಿಯರ್.

ಇನ್ನು ಎರಡನ್ನೂ ಕೂಡಿಸಿ ಲೆಕ್ಕ ಮಾಡುವುದಕ್ಕೂ ಪೇಟೆಗೇ ಹೋಗೋಣ. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತನ ಕೈಗೆ ಬರುವ ದುಡ್ಡು ಎಷ್ಟು? ಬರೀ ದರ ಕೇಳಿದರೆ ಗೊತ್ತಾಗದು, ಬರೀ ತೂಕ ಕೇಳಿದರೂ ಗೊತ್ತಾಗದು. ದರವನ್ನು ತೂಕದಿಂದ ಗುಣಿಸಬೇಕು. ವೋಲ್ಟ್ ಎಂದರೆ ದರ. ಆಂಪಿಯರ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಮಾಲು ಕಾಟಾ ದಾಟಿತು ಎಂಬ ತೂಕ. ಎರಡರ ಗುಣಾಕಾರವೇ ವ್ಯಾಟ್, ಅಂದರೆ ಸೆಕೆಂಡಿಗೆ ಇಷ್ಟು ಎಂದು ಬರುವ ಮೊತ್ತ. ಇದು ಸುಮ್ಮನೆ ಹೋಲಿಕೆಗೆ ಹೇಳಿದ್ದಲ್ಲ, ವಿಜ್ಞಾನದ ವ್ಯಾಖ್ಯೆಯೂ ಇದೇ. ಒಂದು ಚೀಲ ವಿದ್ಯುತ್ತಿಗೆ ಎಷ್ಟು ಶಕ್ತಿ ಸಿಗುತ್ತದೆ ಎಂಬ ದರಕ್ಕೇ ವೋಲ್ಟ್ ಎಂಬ ಹೆಸರು. ಚೀಲಕ್ಕೆ ಅವರು ಕೂಲಂಬ್ ಎನ್ನುತ್ತಾರೆ, ಅಷ್ಟೇ.

ಇಲ್ಲಿಗೆ ಗುಣಾಕಾರ ಮುಗಿಯಿತು. ಭಾಗಾಕಾರ ಇನ್ನೂ ಸರಳ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ. ಬರುವ ಉತ್ತರ ರೋಧ, ಅದರ ಅಳತೆ ಓಮ್. ಇಷ್ಟು ದರ ಕೊಟ್ಟರೂ ಇಷ್ಟೇ ಮಾಲು ಹರಿಯಿತಲ್ಲ, ದಾರಿ ಎಷ್ಟು ಇಕ್ಕಟ್ಟಾಗಿದೆ ಎಂಬುದನ್ನು ಅದು ಹೇಳುತ್ತದೆ.

ಬಕೆಟ್ಟಿಗೆ ಇಳಿಬಿಡುವ ಹೀಟರ್ ಕಾಯಿಲ್ ತೆಗೆದುಕೊಳ್ಳಿ. ಮೇಲೆ 1500 ವ್ಯಾಟ್, 230 ವೋಲ್ಟ್ ಎಂದು ಬರೆದಿರುತ್ತದೆ. 1500ನ್ನು 230ರಿಂದ ಭಾಗಿಸಿದರೆ 6.5 ಆಂಪಿಯರ್. 230ನ್ನು 6.5ರಿಂದ ಭಾಗಿಸಿದರೆ ಸುಮಾರು 35 ಓಮ್. ಇದು ಆ ಕಾಯಿಲಿನ ಜಾತಕ. ಈಗ ಬೇಸಿಗೆಯ ಸಂಜೆ ವೋಲ್ಟೇಜು 180ಕ್ಕೆ ಇಳಿಯಿತು ಎನ್ನೋಣ. ಕಾಯಿಲ್ ಅದೇ, 35 ಓಮ್ ಕೂಡ ಅದೇ. 180ನ್ನು 35ರಿಂದ ಭಾಗಿಸಿದರೆ 5.1 ಆಂಪಿಯರ್. ಈಗ 180ನ್ನು 5.1ರಿಂದ ಗುಣಿಸಿ. ಸುಮಾರು 920 ವ್ಯಾಟ್. ವೋಲ್ಟೇಜು ಇಳಿದದ್ದು ಐದರಲ್ಲಿ ಒಂದು ಪಾಲು, ಬಿಸಿ ಇಳಿದದ್ದು ಐದರಲ್ಲಿ ಎರಡು ಪಾಲು! ದರವೂ ಇಳಿಯಿತು, ದರ ಇಳಿದ ಕಾರಣಕ್ಕೆ ಮಾಲೂ ಇಳಿಯಿತು. ಪೆಟ್ಟು ಎರಡು ಸಲ ಬಿತ್ತು. 15 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ತರುವುದಕ್ಕೆ ಪೂರ್ತಿ ವೋಲ್ಟೇಜಿನಲ್ಲಿ 14 ನಿಮಿಷ ಸಾಕು. 180 ವೋಲ್ಟಿನಲ್ಲಿ 23 ನಿಮಿಷ ಬೇಕು. ಮೀಟರ್ ತೋರಿಸುವ ಯೂನಿಟ್ಟು ಎರಡರಲ್ಲೂ ಅಷ್ಟೇ, ಸುಮಾರು ಮೂರನೇ ಒಂದು ಯೂನಿಟ್. ವೋಲ್ಟೇಜು ಕಡಿಮೆ ಇದ್ದರೆ ಬಿಲ್ಲು ಉಳಿಯುತ್ತದೆ ಎಂದು ಕೆಲವರು ನಂಬಿದ್ದಾರೆ. ಉಳಿಯುವುದಿಲ್ಲ, ಮನೆಯವರು ಒಬ್ಬರ ಹಿಂದೆ ಒಬ್ಬರು ಕಾಯುತ್ತಾರೆ ಅಷ್ಟೇ.

ಬಲ್ಬಿನ ಮಾತು ಬಂತಲ್ಲ, ಅದರಲ್ಲೊಂದು ತಮಾಷೆ ಇದೆ. ಹಳೆಯ ಕಾಲದ 100 ವ್ಯಾಟಿನ ತಂತಿ ಬಲ್ಬು ಎಲ್ಲಾದರೂ ಅಟ್ಟದ ಮೇಲೆ ಉಳಿದಿದ್ದರೆ ಕೆಳಗಿಳಿಸಿ. ಲೆಕ್ಕದ ಪ್ರಕಾರ ಅದರ ರೋಧ 529 ಓಮ್. ಮಲ್ಟಿಮೀಟರ್ ಇಟ್ಟು ನೋಡಿದರೆ ತೋರಿಸುವುದು ಸುಮಾರು 40. ನನ್ನ ತರಗತಿಯಲ್ಲಿ ಪ್ರತಿವರ್ಷ ಒಬ್ಬ ಹುಡುಗ "ಮೀಟರ್ ಕೆಟ್ಟೈತ್ರಿ ಸರ" ಅನ್ನುತ್ತಿದ್ದ. ಮೀಟರ್ ಕೆಟ್ಟಿರುವುದಿಲ್ಲ, ಬಲ್ಬು ತಣ್ಣಗಿರುತ್ತದೆ. ಉರಿಯುವಾಗ ಒಳಗಿನ ಟಂಗ್‌ಸ್ಟನ್ ತಂತಿ ಸುಮಾರು 2,500 ಡಿಗ್ರಿ ಕಾದಿರುತ್ತದೆ, ಆಗ ರೋಧ ಹತ್ತು ಪಟ್ಟಿಗೂ ಮಿಕ್ಕಿ ಏರುತ್ತದೆ. ಗುಂಡಿ ಒತ್ತಿದ ಮೊದಲ ಗಳಿಗೆಯಲ್ಲಿ ತಂತಿ ಇನ್ನೂ ತಣ್ಣಗೇ ಇರುವುದರಿಂದ ಹತ್ತು ಪಟ್ಟಿಗೂ ಹೆಚ್ಚು ಆಂಪಿಯರ್ ನುಗ್ಗುತ್ತದೆ. ಬಲ್ಬುಗಳು ಉರಿಯುತ್ತ ಉರಿಯುತ್ತ ಸಾಯದೆ ಗುಂಡಿ ಒತ್ತಿದ ಕೂಡಲೇ ಟಪ್ಪೆಂದು ಸಾಯುತ್ತಿದ್ದುದು ಇದಕ್ಕೇ. ಭಾಗಾಕಾರ ಸುಳ್ಳು ಹೇಳುವುದಿಲ್ಲ. ಆದರೆ ಯಾವ ಗಳಿಗೆಯ ವೋಲ್ಟು, ಯಾವ ಗಳಿಗೆಯ ಆಂಪಿಯರು ಎಂದು ಕೇಳಿಕೊಂಡು ಭಾಗಿಸಬೇಕು.

ಈ ಭಾಗಾಕಾರವನ್ನು ಕಂಡುಹಿಡಿದವನು ಜರ್ಮನಿಯ ಗೆಯೋರ್ಗ್ ಸೈಮನ್ ಓಮ್. ಬೀಗ ಮಾಡುವವನ ಮಗ, 1789ರಲ್ಲಿ ಹುಟ್ಟಿದವನು, ಕಲೋನ್ ಪಟ್ಟಣದ ಶಾಲೆಯಲ್ಲಿ ಮಾಸ್ತರನಾಗಿದ್ದ. ಆಗಿನ ಬ್ಯಾಟರಿಗಳು ಒಂದೇ ಸಮನೆ ನಿಲ್ಲುತ್ತಿರಲಿಲ್ಲ. ನಮ್ಮ ಬೇಸಿಗೆಯ ಲೈನಿನ ಹಾಗೆ ಏರುತ್ತಿದ್ದವು, ಇಳಿಯುತ್ತಿದ್ದವು. ಅದಕ್ಕೆ ಅವನು ಬಿಸ್ಮತ್ ಮತ್ತು ತಾಮ್ರ ಜೋಡಿಸಿ, ಒಂದು ತುದಿ ಮಂಜುಗಡ್ಡೆಯಲ್ಲಿ, ಇನ್ನೊಂದು ತುದಿ ಕುದಿಯುವ ನೀರಿನಲ್ಲಿ ಇಟ್ಟು, ಅಲುಗದ ವಿದ್ಯುತ್ ಮೂಲವೊಂದನ್ನು ಮಾಡಿಕೊಂಡ. ಆಮೇಲೆ ಬೇರೆ ಬೇರೆ ಉದ್ದದ ತಂತಿಗಳನ್ನು ನಡುವೆ ಕಟ್ಟಿ, ಹರಿಯುವ ಪ್ರವಾಹ ಎಷ್ಟೆಷ್ಟು ಕುಗ್ಗುತ್ತದೆ ಎಂದು ಅಳೆದ. ತಂತಿ ಉದ್ದವಾದಷ್ಟೂ ಹರಿಯುವುದು ಕಡಿಮೆ. ಬ್ಯಾಡಗಿಯ ಲೈನಿನ ತುದಿಯ ರೈತ ದಿನಾ ಅನುಭವಿಸುವುದನ್ನೇ ಆ ಮಾಸ್ತರು ಮೇಜಿನ ಮೇಲೆ ಅಳೆದಿದ್ದ. 1827ರಲ್ಲಿ ಪುಸ್ತಕ ಮಾಡಿದ. ತನ್ನ ದೇಶದಲ್ಲಿ ಅದಕ್ಕೆ ಮರ್ಯಾದೆ ಬೇಗ ಸಿಗಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕ ಕೊಟ್ಟಿತು. ಮ್ಯೂನಿಕ್ಕಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕ ಹುದ್ದೆ ಸಿಕ್ಕಿದ್ದು 1852ರಲ್ಲಿ, ಸಾಯುವುದಕ್ಕೆ ಎರಡು ವರ್ಷ ಮೊದಲು.

ಇನ್ನು ಮೋಟರಿಗೆ ಬರೋಣ. ರೈತರ ಪ್ರಶ್ನೆ ನೆನಪಿದೆಯಲ್ಲ? ಕಟ್ಟಿಗೆ ಕಡಿಮೆ ಹಾಕಿದರೂ ಅನ್ನ ಯಾಕೆ ಸೀದಿತು?

ಹೀಟರ್ ಕಾಯಿಲ್ ದಿನಗೂಲಿಯ ಆಳಿನ ಹಾಗೆ. ಕಡಿಮೆ ಕೊಟ್ಟರೆ ಕಡಿಮೆ ದುಡಿಯುತ್ತದೆ, ಸಂಜೆ ಮನೆಗೆ ಹೋಗುತ್ತದೆ. ಮೋಟರ್ ಹಾಗಲ್ಲ, ಅದು ಗುತ್ತಿಗೆ ಹಿಡಿದ ಆಸಾಮಿ. ಇಷ್ಟು ಆಳದಿಂದ ಇಷ್ಟು ನೀರು ಎತ್ತಬೇಕು ಎಂದು ಒಪ್ಪಿಕೊಂಡಿದೆ. ನೀವು ದರ ಇಳಿಸಿದರೆ ಕೆಲಸ ಇಳಿಯುವುದಿಲ್ಲ. ಕೆಲಸ ಮುಗಿಸುವುದಕ್ಕೆ ಅದು ಹೆಚ್ಚು ಮಾಲು ಎಳೆದುಕೊಳ್ಳುತ್ತದೆ. ವೋಲ್ಟು ಇಳಿದರೆ ಆಂಪಿಯರ್ ಏರುತ್ತದೆ.

ಲೆಕ್ಕ ನೋಡಿ. 5 ಎಚ್‌ಪಿ ಎಂದರೆ 5 ಸಲ 746, ಒಟ್ಟು 3,730 ವ್ಯಾಟ್. ಇದು ಮೋಟರಿನ ದಂಡದ ಮೇಲೆ ಸಿಗುವ ಕೆಲಸ. ನೂರಕ್ಕೆ ಎಂಬತ್ತು ಪಾಲು ಕೆಲಸಕ್ಕೆ ಹೋಯಿತು, ಇಪ್ಪತ್ತು ಪಾಲು ಒಳಗೇ ಖರ್ಚಾಯಿತು ಎಂದರೆ ಲೈನಿನಿಂದ ಎಳೆಯುವುದು 4,660 ವ್ಯಾಟ್. ಇನ್ನು ಎರಡು ಚಿಲ್ಲರೆ ಅಂಕಿಗಳನ್ನು ಸೇರಿಸಬೇಕು, ಬೇಸರ ಪಡಬೇಡಿ. ತ್ರೀ ಫೇಸ್ ಆದ್ದರಿಂದ 1.732 ಎಂಬ ಅಂಕಿ ಬರುತ್ತದೆ, ಅದು ಮೂರರ ವರ್ಗಮೂಲ. ಇನ್ನೊಂದು ಪವರ್ ಫ್ಯಾಕ್ಟರ್. ಎರಡು ಎತ್ತು ಒಂದೇ ಹೆಜ್ಜೆಯಲ್ಲಿ ಎಳೆಯದೆ ಒಂದು ಮುಂದೆ, ಒಂದು ತುಸು ಹಿಂದೆ ಆದರೆ ನೇಗಿಲಿಗೆ ಪೂರ್ತಿ ಬಲ ಸಿಗುವುದಿಲ್ಲವಲ್ಲ? ಮೋಟರಿನಲ್ಲಿ ವೋಲ್ಟೂ ಆಂಪಿಯರೂ ಹಾಗೆ ಹೆಜ್ಜೆ ತಪ್ಪಿ ನಡೆಯುತ್ತವೆ. ಅದಕ್ಕೆ 0.8 ಎಂದು ಹಿಡಿಯೋಣ. 415 ವೋಲ್ಟ್ ಸರಿಯಾಗಿ ಬಂದರೆ ಮೋಟರ್ 8 ಆಂಪಿಯರ್ ಎಳೆಯುತ್ತದೆ. 330 ವೋಲ್ಟ್ ಬಂದರೆ 10ಕ್ಕಿಂತ ಚೂರು ಹೆಚ್ಚು.

ಎಂಟು ಹತ್ತಾಯಿತು, ಅದರಲ್ಲೇನು ಎನ್ನಬೇಡಿ. ಸುತ್ತಿನ ತಾಮ್ರ ಬಿಸಿಯಾಗುವುದು ಆಂಪಿಯರಿಗೆ ತಕ್ಕ ಹಾಗೆ ಅಲ್ಲ, ಆಂಪಿಯರಿನ ವರ್ಗಕ್ಕೆ ತಕ್ಕ ಹಾಗೆ. ಇದನ್ನು ಅಳೆದು ತೋರಿಸಿದವನು ಇಂಗ್ಲೆಂಡಿನ ಜೇಮ್ಸ್ ಜೂಲ್, 1840ರ ಹೊತ್ತಿಗೆ. ಮ್ಯಾಂಚೆಸ್ಟರಿನ ಹತ್ತಿರ ಅವನ ಮನೆತನದ ಬಿಯರ್ ಭಟ್ಟಿ ಇತ್ತು. ಎಂಟರಿಂದ ಹತ್ತೂ ಚಿಲ್ಲರೆಗೆ ಏರಿದರೆ ಬಿಸಿ ಒಂದೂವರೆ ಪಟ್ಟು ಮೀರುತ್ತದೆ. ರಿವೈಂಡಿಂಗ್ ಮಾಡುವವರೆಲ್ಲ ಬಲ್ಲ ಒಂದು ಸ್ಥೂಲ ಸೂತ್ರವಿದೆ: ಸುತ್ತಿನ ಬಿಸಿ ಹತ್ತು ಡಿಗ್ರಿ ಏರಿದರೆ ಅದರ ಹೊದಿಕೆಯ ಆಯುಷ್ಯ ಅರ್ಧ. ಜೊತೆಗೆ ಬೇಸಿಗೆಯಲ್ಲಿ ಬೋರಿನ ನೀರು ಕೆಳಗಿಳಿದಿರುತ್ತದೆ. ಸಬ್‌ಮರ್ಸಿಬಲ್ ಮೋಟರನ್ನು ತಣ್ಣಗಿಡುವುದು ಆ ನೀರೇ. ಹೊದಿಕೆ ಒಂದು ಕಡೆ ಕರಗಿತೆಂದರೆ ಸುತ್ತಿಗೆ ಸುತ್ತು ತಾಗಿತು. ಮುಂದಿನದು ಟಂಟಂ ಗಾಡಿ, ರಾಣೆಬೆನ್ನೂರು, ವಾರ್ನಿಶ್ ವಾಸನೆ.

ಇಲ್ಲೊಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹಳೆಯ ವಿದ್ಯಾರ್ಥಿಗಳೇ ನನ್ನನ್ನು ಹಿಡಿದುಕೊಳ್ಳುತ್ತಾರೆ. ಮೋಟರಿನ ಸುತ್ತಿಗೆ ಮಲ್ಟಿಮೀಟರ್ ಇಟ್ಟರೆ ಕೆಲವೇ ಓಮ್ ತೋರಿಸುತ್ತದೆ. 415ನ್ನು ಆ ಕೆಲವೇ ಓಮಿನಿಂದ ಭಾಗಿಸಿದರೆ ನೂರರ ಆಸುಪಾಸು ಆಂಪಿಯರ್ ಬರಬಹುದು. ಹರಿಯುವುದು ಎಂಟು. ಭಾಗಾಕಾರ ಎಲ್ಲಿ ಹೋಯಿತು? ತಿರುಗುವ ಮೋಟರು ಒಳಗಿನಿಂದ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸುತ್ತದೆ. ಅದು ಬಾಗಿಲಿಗೆ ಭುಜ ಕೊಟ್ಟು ನಿಂತ ಹಾಗೆ, ಹೊರಗಿನ ವೋಲ್ಟೇಜನ್ನು ತಡೆಯುತ್ತದೆ. ಮೋಟರ್ ಇನ್ನೂ ತಿರುಗದ ಮೊದಲ ಗಳಿಗೆಯಲ್ಲಿ ಆ ಭುಜ ಇರುವುದಿಲ್ಲ, ಆಗ ಐದಾರು ಪಟ್ಟು ಆಂಪಿಯರ್ ನುಗ್ಗುತ್ತದೆ. ಬೋರಿನಲ್ಲಿ ಮಣ್ಣು ಸಿಕ್ಕಿ ಮೋಟರ್ ಹಿಡಿದುಕೊಂಡರೆ ಆ ನುಗ್ಗು ನಿಲ್ಲುವುದೇ ಇಲ್ಲ, ಓವರ್‌ಲೋಡ್ ರಿಲೇ ಬೀಳದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಹೊಗೆ. ಆ ರಿಲೇ ಪದೇ ಪದೇ ಬೀಳುತ್ತದೆಂದು ಅದಕ್ಕೆ ಕಡ್ಡಿ ಸಿಕ್ಕಿಸಿ ಇಟ್ಟವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾವಲು ನಾಯಿ ಬೊಗಳುತ್ತದೆಂದು ಬಾಯಿ ಕಟ್ಟಿದ ಹಾಗೆ.

ಈಗ 415 ಇದ್ದದ್ದು 330 ಆಯಿತಲ್ಲ, ಆ 85 ವೋಲ್ಟ್ ಎಲ್ಲಿ ಕಳೆಯಿತು ಎಂದು ಹುಡುಕೋಣ. ಅದನ್ನು ತಿಂದದ್ದು ತಂತಿ.

ನಮ್ಮ ಕಂಬಗಳ ಮೇಲಿನ ಅಲ್ಯೂಮಿನಿಯಂ ತಂತಿಗಳಿಗೆ ಪ್ರಾಣಿಗಳ ಹೆಸರಿದೆ ಎಂದರೆ ನಂಬುತ್ತೀರಾ? ಬ್ರಿಟಿಷರು ಇಟ್ಟ ಗುಪ್ತನಾಮಗಳು, ಈಗಲೂ ಹಾಗೇ ನಡೆದಿವೆ. ಎಲ್ಲಕ್ಕಿಂತ ಸಣ್ಣ ತಂತಿಗಳಲ್ಲಿ ಒಂದು ಸ್ಕ್ವಿರಲ್, ಅಂದರೆ ಅಳಿಲು. ಅದಕ್ಕಿಂತ ದಪ್ಪ ವೀಸಲ್, ಅದು ಮುಂಗುಸಿಯನ್ನು ಹೋಲುವ ಒಂದು ಪ್ರಾಣಿ. ಇನ್ನೂ ದಪ್ಪ ರ‍್ಯಾಬಿಟ್, ನಮ್ಮ ಮೊಲ. ಮುಂದೆ ನಾಯಿ, ತೋಳ, ಚಿರತೆ, ಜೀಬ್ರಾ, ಮೂಸ್ ಎಂದು ಬೆಳೆಯುತ್ತ ಹೋಗುತ್ತದೆ. ರಾಣೆಬೆನ್ನೂರಿನಲ್ಲಿ 1974ರಿಂದ ಕೃಷ್ಣಮೃಗಗಳ ಅಭಯಾರಣ್ಯವೇ ಇದೆ, ಆದರೂ ಆ ಪಟ್ಟಿಯಲ್ಲಿ ಒಂದು ತಂತಿಗೂ ಅವುಗಳ ಹೆಸರಿಲ್ಲ. ಇರಲಿ. ಮೊಲದ ರೋಧ ಕಿಲೋಮೀಟರಿಗೆ ಸುಮಾರು ಅರ್ಧ ಓಮ್, ವೀಸಲ್ಲಿನದು ಸುಮಾರು 0.9, ಅಳಿಲಿನದು ಸುಮಾರು 1.4. ಕೇಳುವುದಕ್ಕೆ ಎಷ್ಟು ಚಿಕ್ಕ ಅಂಕಿಗಳು! ಹೀಟರ್ ಕಾಯಿಲಿನ 35 ಓಮಿನ ಮುಂದೆ ಇವು ಏನೂ ಅಲ್ಲ. ಆದರೆ ಇವುಗಳಲ್ಲಿ ಹರಿಯುವುದು ಒಂದು ಮನೆಯ ಕರೆಂಟಲ್ಲ, ಇಡೀ ಲೈನಿನ ಕರೆಂಟು. ವೀಸಲ್ ತಂತಿಯಲ್ಲಿ ಒಂದು ಕಿಲೋಮೀಟರು 30 ಆಂಪಿಯರ್ ಹರಿದರೆ ಪ್ರತಿ ಫೇಸಿನಲ್ಲಿ 27 ವೋಲ್ಟ್ ದಾರಿಯಲ್ಲೇ ಸೋರಿತು. 60 ಆಂಪಿಯರ್ ಹರಿದರೆ 54 ವೋಲ್ಟ್. ತುಂಗಾ ಮೇಲ್ದಂಡೆಯ ಕಾಲುವೆಯಲ್ಲಿ ಕೊನೆಯ ಹೊಲದವನಿಗೆ ನೀರು ಮುಟ್ಟದ ಕತೆ ನಿಮಗೆ ಗೊತ್ತಿದೆ. ಲೈನಿನ ಕೊನೆಯವನದೂ ಅದೇ ಪಾಡು. ಮೇಲಿನವರು ಎಳೆದು ಉಳಿದದ್ದು ಇವನಿಗೆ.

ಇದರ ಮೇಲೆ ಆಟೋ ಸ್ಟಾರ್ಟರ್ ಬಂದಿದೆ. ರಾತ್ರಿ ಎದ್ದು ಹೊಲಕ್ಕೆ ಹೋಗುವ ಕಷ್ಟ ತಪ್ಪಿತು, ಒಳ್ಳೆಯದೇ ಆಯಿತು. ನಾನು ಅದನ್ನು ಬೈಯುವುದಿಲ್ಲ, ಹಾವು ತುಳಿಯುವ ಭಯ ನನಗೂ ಗೊತ್ತು. ಆದರೆ ತ್ರೀ ಫೇಸ್ ಬಂದ ಮರುಗಳಿಗೆ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಕೆಳಗಿನ ಎಲ್ಲ ಮೋಟರುಗಳೂ ಒಟ್ಟಿಗೆ ಎದ್ದು ನಿಲ್ಲುತ್ತವೆ, ಪ್ರತಿಯೊಂದೂ ಐದಾರು ಪಟ್ಟು ಎಳೆಯುತ್ತದೆ. ವೋಲ್ಟೇಜು ನೆಲಕಚ್ಚುತ್ತದೆ. ವೋಲ್ಟೇಜು ಇಲ್ಲದ್ದಕ್ಕೆ ಯಾವ ಮೋಟರೂ ಬೇಗ ವೇಗ ಹಿಡಿಯುವುದಿಲ್ಲ, ವೇಗ ಹಿಡಿಯದ್ದಕ್ಕೆ ಎಳೆತ ಇಳಿಯುವುದಿಲ್ಲ. ಒಬ್ಬೊಬ್ಬರು ಎರಡೆರಡು ನಿಮಿಷ ಬಿಟ್ಟು ಎದ್ದೇಳುವ ಹಾಗೆ ಟೈಮರ್ ಇಟ್ಟುಕೊಂಡರೆ ಸಾಕು. ಕೆಪಾಸಿಟರ್ ಹಾಕಿಸಿದರೂ ಹೆಜ್ಜೆ ತಪ್ಪಿದ ಎತ್ತುಗಳು ಸರಿಹೋಗುತ್ತವೆ. 0.8 ಇದ್ದ ಪವರ್ ಫ್ಯಾಕ್ಟರ್ 0.95ಕ್ಕೆ ಬಂದರೆ ಲೈನಿನ ಆಂಪಿಯರ್ ಆರರಲ್ಲಿ ಒಂದು ಪಾಲು ಇಳಿಯುತ್ತದೆ, ತಂತಿಯ ಸೋರಿಕೆ ಮೂರರಲ್ಲಿ ಒಂದು ಪಾಲಿನ ಹತ್ತಿರ ಇಳಿಯುತ್ತದೆ. ಇಲ್ಲಿಯೂ ಜೂಲನ ವರ್ಗವೇ ನಮ್ಮ ಕೈ ಹಿಡಿಯುತ್ತದೆ.

ಅದೇ ವರ್ಗವನ್ನು ತಪ್ಪಿಸಿಕೊಳ್ಳುವ ದೊಡ್ಡ ಉಪಾಯ ನಮ್ಮ ಊರುಗಳ ನಡುವೆಯೇ ಹಾದುಹೋಗಿದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಸ್ಟೇಷನ್ನುಗಳ ಮೇಲೆ ರೈಲಿನ ವಿದ್ಯುತ್ ತಂತಿ ಬಂದಿದೆಯಲ್ಲ, ಅದರಲ್ಲಿ 25,000 ವೋಲ್ಟ್ ಇದೆ. ಯಾಕೆ ಅಷ್ಟು? ಒಂದು ಇಂಜಿನ್ನಿಗೆ 6,000 ಎಚ್‌ಪಿ ಬೇಕು ಎನ್ನಿ. ಗುಣಿಸಿದರೆ ಸುಮಾರು 45 ಲಕ್ಷ ವ್ಯಾಟ್. 25,000ದಿಂದ ಭಾಗಿಸಿದರೆ 180 ಆಂಪಿಯರ್. ಕೈಬೆರಳಿನ ದಪ್ಪದ ತಂತಿ ಅದನ್ನು ಹೊರುತ್ತದೆ. ಅಷ್ಟನ್ನೇ ಮನೆಯ 230 ವೋಲ್ಟಿನಲ್ಲಿ ಕೊಡಹೋದರೆ ಸುಮಾರು 19,500 ಆಂಪಿಯರ್ ಬೇಕು. ಅದಕ್ಕೆ ತಂತಿ ಸಾಲದು, ತೊಲೆಯಂಥ ತಾಮ್ರ ಬೇಕು. ದರ ಹೆಚ್ಚಿಸಿ, ಮಾಲು ಕಡಿಮೆ ಸಾಗಿಸಿ, ದಾರಿಯ ಸೋರಿಕೆ ಉಳಿಸುವುದು ಇಲ್ಲಿನ ಯುಕ್ತಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಒಯ್ದಾಗಲೂ ಮೂವತ್ತು ಸಾವಿರ ವೋಲ್ಟ್ ಮೀರಿದ ಇದೇ ಯುಕ್ತಿ ಕೆಲಸ ಮಾಡಿತ್ತು. ಹಳೆಯ ಮೈಸೂರು ಕಡೆ ಆಗಲೇ ಅಷ್ಟಾಗಿತ್ತು. ಆಗಿನ ನಮ್ಮ ಮುಂಬಯಿ ಕರ್ನಾಟಕದ ಹಳ್ಳಿಗಳಿಗೆ ಕಂಬ ಬಂದದ್ದು ಬಹಳ ತಡವಾಗಿ. 1950ರಲ್ಲಿ ಧಾರವಾಡದ ಬಾನುಲಿ ಕೇಂದ್ರ ಮಾತಾಡಲು ಶುರು ಮಾಡಿದಾಗ ನಮ್ಮ ಕಡೆ ರೇಡಿಯೊ ಓಡುತ್ತಿದ್ದುದು ಹೆಚ್ಚಾಗಿ ಬ್ಯಾಟರಿಯ ಮೇಲೆಯೇ.

ಇನ್ನೊಂದು ಭಾಗಾಕಾರ ಇದೆ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಒದ್ದೆ ಕೈ, ಒದ್ದೆ ಕಾಲಿನ ಮನುಷ್ಯನ ಮೈಯ ರೋಧ ಸಾವಿರ ಓಮ್ ಎಂದು ಹಿಡಿಯಿರಿ. 230ನ್ನು ಸಾವಿರದಿಂದ ಭಾಗಿಸಿದರೆ 0.23 ಆಂಪಿಯರ್, ಅಂದರೆ 230 ಮಿಲಿ ಆಂಪಿಯರ್. ಮನೆಗಳಲ್ಲಿ ಜೀವ ಉಳಿಸಲು ಹಾಕುವ ಆರ್‌ಸಿಸಿಬಿ ಎಂಬ ಸಾಧನ 30 ಮಿಲಿ ಸೋರಿದರೇ ಬಿದ್ದುಬಿಡುತ್ತದೆ. ಮೆಕ್ಕೆಜೋಳಕ್ಕೆ ನೀರು ಹಾಯಿಸಿ, ಕೆಸರುಗಾಲಿನಲ್ಲೇ ಸ್ಟಾರ್ಟರ್ ಡಬ್ಬಿ ಮುಟ್ಟುವವರು ಈ ಲೆಕ್ಕವನ್ನು ಒಮ್ಮೆ ಕೇಳಿಸಿಕೊಳ್ಳಬೇಕು. ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ಒಂದು ಕೊಡ ನೀರು ಹಾಕುವುದು ದೊಡ್ಡ ಕೆಲಸವೇನಲ್ಲ.

ಸರಿ, ಆ ರೈತರ ಕತೆ ಮುಗಿಸುತ್ತೇನೆ. ಎರಡನೆಯ ಸಲ ಮೋಟರ್ ಕಟ್ಟಿಸಿಕೊಂಡು ಹೋದ ಮೇಲೆ ಒಂದು ದಿನ ಫೋನ್ ಮಾಡಿ ಹೊಲಕ್ಕೆ ಕರೆದರು. ಶಿಷ್ಯನ ಟಾಂಗ್ ಟೆಸ್ಟರ್ ಇಸಿದುಕೊಂಡು ಹೋದೆ. ಟಾಂಗ್ ಟೆಸ್ಟರ್ ಎಂದರೆ ತಂತಿಯನ್ನು ಕತ್ತರಿಸದೆ, ಮುಟ್ಟದೆ, ಇಕ್ಕಳದ ಹಾಗೆ ಸುತ್ತ ಹಿಡಿದು ಆಂಪಿಯರ್ ತೋರಿಸುವ ಮೀಟರು. ಅವರ ಹೊಲ ಟಿಸಿಯಿಂದ ಸುಮಾರು 900 ಮೀಟರು, ಲೈನಿನ ಕಟ್ಟಕಡೆ. ತಂತಿ ವೀಸಲ್. ಟಿಸಿಯ ಹತ್ತಿರ ಲೈನ್‌ಮನ್ ನೋಡಿ ಹೇಳಿದ ಅಂಕಿ 415 ವೋಲ್ಟ್. ಇವರ ಸ್ಟಾರ್ಟರಿನಲ್ಲಿ 340. ಇವರ ಮೋಟರು ಎಳೆಯುತ್ತಿದ್ದುದು 10 ಆಂಪಿಯರ್.

"ಈ ತುದಿಗೆ ಎಷ್ಟು ಮೋಟರ್ ಅದಾವ್ರಿ?" ಎಂದು ಕೇಳಿದೆ.

"ನಾಲ್ಕ ರೀ. ನಂದು, ನಮ್ಮ ಕಾಕಾಂದು, ಬಾಜೂಕಿನ ಅಣ್ಣ-ತಮ್ಮಂದಿರವು ಎರಡು."

ಸ್ಟಾರ್ಟರ್ ಡಬ್ಬಿಯ ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ಬರೆದೆ. ಕಳೆದದ್ದು 75 ವೋಲ್ಟ್. ಅದನ್ನು 1.732ರಿಂದ ಭಾಗಿಸಿದರೆ ಪ್ರತಿ ಫೇಸಿಗೆ 43. ತಂತಿಯ ರೋಧ 900 ಮೀಟರಿಗೆ 0.8 ಓಮ್. 43ನ್ನು 0.8ರಿಂದ ಭಾಗಿಸಿದರೆ 54 ಆಂಪಿಯರ್. ಸ್ಥೂಲ ಲೆಕ್ಕವೇ, ಆದರೂ ನಾಲ್ಕು ಮೋಟರಿಗೆ 40 ಬರಬೇಕು, ಐವತ್ತು ದಾಟಬಾರದು. ಜೊತೆಗೆ ಆ 54 ಆಂಪಿಯರ್ ಮೂರು ತಂತಿಗಳಲ್ಲಿ ಸುಮ್ಮನೆ ಬಿಸಿ ಮಾಡುತ್ತಿದ್ದ ಶಕ್ತಿಯನ್ನೂ ಗುಣಿಸಿದೆ. ಸುಮಾರು 7,000 ವ್ಯಾಟ್. ಒಂದೂವರೆ ಮೋಟರಿನ ಊಟವನ್ನು ಅಲ್ಲಿ ಕೂತ ಕಾಗೆಗಳ ಕಾಲು ಬೆಚ್ಚಗಿಡುವುದಕ್ಕೆ ಖರ್ಚು ಮಾಡುತ್ತಿದ್ದೆವು. ತ್ರೀ ಫೇಸ್ ಇರುವ ಏಳು ಗಂಟೆಯಲ್ಲಿ 49 ಯೂನಿಟ್.

"ಯಜಮಾನ್ರ, ಇಲ್ಲಿ ಐದು ಮೋಟರ್ ಓಡಾಕತ್ತಾವ" ಎಂದೆ.

"ಇಲ್ರೀ ಸರ, ನಾಲ್ಕ ಅದಾವ."

"ಲೆಕ್ಕ ಐದು ಅಂತೈತಿ."

ಲೈನ್‌ಮನ್ ಆಕಡೆ ಮುಖ ಮಾಡಿ ನಿಂತ. ರೈತರು ಸ್ವಲ್ಪ ಹೊತ್ತು ಡಬ್ಬಿಯ ಮೇಲಿನ ಅಂಕಿಗಳನ್ನೇ ನೋಡಿದರು. ಆಮೇಲೆ ಬದುವಿನ ಆಚೆ, ಹುಣಸೆಮರದ ಹಿಂದೆ, ಸೋಗೆ ಮುಚ್ಚಿದ ಒಂದು ಬೋರಿನ ಕಡೆ ಕೈ ತೋರಿಸಿದರು.

"ಅದೂ ನಂದ ರೀ. ಅಕ್ರಮ-ಸಕ್ರಮಕ್ಕ ಅರ್ಜಿ ಹಾಕೇನ್ರಿ."